ಕಂಟೇನರ್‌ನ ಅಂಚು ದಾಟಿದ ವ್ಯೂವನ್ನು ಗುರುತಿಸುವುದು

ಪಟ್ಟಿಯಲ್ಲಿ ಓಡುತ್ತಿರುವ ವಿಡಿಯೊ ಸ್ಕ್ರಾಲ್ ಆಗಿ ಮರೆಯಾದ ಕೂಡಲೇ ನಿಲ್ಲಬೇಕು. ಬಳಕೆದಾರರಿಗೆ ಜಾಹೀರಾತು ನಿಜವಾಗಿ ಕಾಣಿಸಿತೇ ಎಂಬುದು ದಾಖಲಾಗಬೇಕು. ಬೆರಳಿನಿಂದ ಎಳೆದ ಚಿತ್ರ ಚೌಕಟ್ಟಿನ ಆಚೆ ಹೋದರೆ ಅದನ್ನು ಮರಳಿ ಒಳಗೆ ತರಬೇಕು. ಮೊಬೈಲ್ ಆ್ಯಪ್‌ಗಳ ಈ ಮೂರೂ ಕೆಲಸಗಳ ತಳದಲ್ಲಿರುವುದು ಒಂದೇ ಪ್ರಶ್ನೆ: ಈ ವ್ಯೂ ತನ್ನ ಕಂಟೇನರ್‌ನಿಂದ ಹೊರಗೆ ಹೋಗಿದೆಯೇ? ವ್ಯೂ ಎಂದರೆ ಪರದೆಯ ಮೇಲಿನ ಚಿತ್ರ, ಬಟನ್, ವಿಡಿಯೊದಂಥ ಒಂದು ಘಟಕ; ಕಂಟೇನರ್ ಎಂದರೆ ಅದನ್ನು ಒಳಗೊಂಡ ಹೊರಗಿನ ವ್ಯೂ. ಎರಡು ಆಯತಗಳನ್ನು ಹೋಲಿಸುವ ಲೆಕ್ಕವೇನೋ ಸುಲಭ. ಆದರೆ ಯಾವ ಆಯತಗಳನ್ನು, ಯಾವ ನಿರ್ದೇಶಾಂಕ ವ್ಯವಸ್ಥೆಯಲ್ಲಿ, ಯಾವ ಕ್ಷಣದಲ್ಲಿ ಹೋಲಿಸಬೇಕು ಎಂಬುದನ್ನು ನಿರ್ಧರಿಸುವುದರಲ್ಲಿಯೇ ನಿಜವಾದ ತೊಡಕಿದೆ.

ಕೋಡ್ ಬರೆಯುವ ಮೊದಲು 'ಹೊರಗೆ' ಎಂದರೇನು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ಅಂಚು ದಾಟಿದರೆ ಸಾಕೇ, ಮಧ್ಯಬಿಂದು ದಾಟಬೇಕೇ, ಅಥವಾ ಇಡೀ ವ್ಯೂ ಮರೆಯಾಗಬೇಕೇ? ಎಳೆಯುವ ಚಿತ್ರಕ್ಕೆ ಮಧ್ಯಬಿಂದುವಿನ ನಿಯಮ ಹೆಚ್ಚು ಸಹಜವೆನಿಸುತ್ತದೆ. ವಿಡಿಯೊಗೆ ಕಾಣುವ ವಿಸ್ತೀರ್ಣದ ಪ್ರಮಾಣವೇ ಮುಖ್ಯ. ಜಾಹೀರಾತುಗಳಿಗೆ ಮೀಡಿಯಾ ರೇಟಿಂಗ್ ಕೌನ್ಸಿಲ್ ಎಂಬ ಅಮೆರಿಕದ ಮಾನದಂಡ ಸಂಸ್ಥೆಯ ಅಳತೆಗೋಲಿದೆ: ಕನಿಷ್ಠ 50% ಪಿಕ್ಸೆಲ್‌ಗಳು ಸತತವಾಗಿ 1 ಸೆಕೆಂಡ್ ಕಾಣಬೇಕು, ವಿಡಿಯೊ ಜಾಹೀರಾತಾದರೆ 2 ಸೆಕೆಂಡ್. ಇಲ್ಲಿ ವಿಸ್ತೀರ್ಣದ ಜೊತೆಗೆ ಕಾಲವೂ ಸೇರಿರುವುದರಿಂದ, ಒಮ್ಮೆ ನೋಡಿ ಹೌದು ಅಥವಾ ಇಲ್ಲ ಎನ್ನುವ ಪರೀಕ್ಷೆ ಸಾಲುವುದಿಲ್ಲ.

ಐಓಎಸ್‌ನಲ್ಲಿ ವ್ಯೂವಿನ ಫ್ರೇಮ್, ಅಂದರೆ ಅದರ ಸ್ಥಾನ ಮತ್ತು ಅಳತೆಯನ್ನು ಹೇಳುವ ಆಯತ, ಅದರ ನೇರ ಪೋಷಕ ವ್ಯೂವಿನ ನಿರ್ದೇಶಾಂಕಗಳಲ್ಲಿ ಇರುತ್ತದೆ. ಆದ್ದರಿಂದ ಎರಡು ಮೂರು ಹಂತ ಮೇಲಿರುವ ಕಂಟೇನರ್‌ನೊಂದಿಗೆ ಅದನ್ನು ನೇರವಾಗಿ ಹೋಲಿಸಿದರೆ ಸಿಗುವ ಉತ್ತರಕ್ಕೆ ಅರ್ಥವಿಲ್ಲ. ವ್ಯೂವಿನ ಬೌಂಡ್ಸ್ ಅನ್ನು (ಅದರದೇ ನಿರ್ದೇಶಾಂಕಗಳಲ್ಲಿರುವ ಆಯತವನ್ನು) ಕನ್ವರ್ಟ್ ಮೆಥಡ್‌ನಿಂದ ಕಂಟೇನರ್‌ನ ನಿರ್ದೇಶಾಂಕಗಳಿಗೆ ತಂದು, ಕಂಟೇನರ್‌ನ ಬೌಂಡ್ಸ್‌ನೊಂದಿಗೆ ಛೇದಿಸಿ ನೋಡುವುದೇ ಸರಿಯಾದ ದಾರಿ. ಸ್ಕ್ರಾಲ್ ಆಗುವ ಕಂಟೇನರ್ ಆದ ಯುಐಸ್ಕ್ರಾಲ್‌ವ್ಯೂನ ಬೌಂಡ್ಸ್‌ನ ಮೂಲಬಿಂದುವೇ ಅದರ ಕಂಟೆಂಟ್ ಆಫ್‌ಸೆಟ್ (ಎಷ್ಟು ಸ್ಕ್ರಾಲ್ ಆಗಿದೆ ಎಂಬ ಅಳತೆ) ಆಗಿರುವುದರಿಂದ ಸ್ಕ್ರಾಲ್ ಆದ ದೂರವನ್ನು ಬೇರೆಯಾಗಿ ಕಳೆಯಬೇಕಾಗಿಲ್ಲ. ಈ ವಿನ್ಯಾಸ ನನಗೆ ಬಹಳ ಇಷ್ಟ. ಆದರೆ ನ್ಯಾವಿಗೇಶನ್ ಬಾರ್‌ನ ಅಡಿಯಲ್ಲಿ ಮರೆಯಾದ ಭಾಗವೂ ಬೌಂಡ್ಸ್‌ನೊಳಗೇ ಇರುತ್ತದೆ. ಅದನ್ನು ಹೊರಗೆ ಎಂದು ಎಣಿಸಬೇಕಾದರೆ, 2017ರಲ್ಲಿ ಐಓಎಸ್ 11ರೊಂದಿಗೆ ಬಂದ ಅಡ್ಜಸ್ಟೆಡ್ ಕಂಟೆಂಟ್ ಇನ್‌ಸೆಟ್‌ನಷ್ಟು (ಬಾರ್‌ಗಳಿಗಾಗಿ ಅಂಚಿನಲ್ಲಿ ಬಿಡುವ ಜಾಗದಷ್ಟು) ಆಯತವನ್ನು ಒಳಗೆ ಕುಗ್ಗಿಸಬೇಕು.

ಆಂಡ್ರಾಯ್ಡ್‌ನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಗೆಟ್‌ಗ್ಲೋಬಲ್‌ವಿಸಿಬಲ್‌ರೆಕ್ಟ್ ಎಂಬ ಮೆಥಡ್‌ಗೆ. ಅದು ಮೇಲಿನ ಎಲ್ಲ ಪೋಷಕರ ಕತ್ತರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಉಳಿದ ಭಾಗವನ್ನು ಆಯತವಾಗಿ ಕೊಡುತ್ತದೆ. ಅದು ಫಾಲ್ಸ್ (ಏನೂ ಕಾಣುತ್ತಿಲ್ಲ) ಎಂದು ಹಿಂದಿರುಗಿಸಿದಾಗ ಆಯತದೊಳಗಿನ ಸಂಖ್ಯೆಗಳನ್ನು ನಂಬಬಾರದು. ಮೊದಲು ಆ ಉತ್ತರವನ್ನು ನೋಡಿ, ಅನಂತರವೇ ವಿಸ್ತೀರ್ಣ ಲೆಕ್ಕಹಾಕಬೇಕು. ಇನ್ನೊಂದು ವ್ಯೂ ಮೇಲೆ ಬಂದು ಮುಚ್ಚಿದ್ದರೆ ಅದು ಈ ಮೆಥಡ್‌ಗೆ ತಿಳಿಯುವುದೇ ಇಲ್ಲ. ಒಂದು ನಿರ್ದಿಷ್ಟ ಕಂಟೇನರ್‌ನ ಬಗೆಗಷ್ಟೇ ಪ್ರಶ್ನೆಯಿದ್ದರೆ ಆಫ್‌ಸೆಟ್‌ಡಿಸೆಂಡೆಂಟ್‌ರೆಕ್ಟ್‌ಟುಮೈಕೋಆರ್ಡ್ಸ್ ಬಳಸಿ ಆಯತವನ್ನು ಕಂಟೇನರ್‌ನ ನಿರ್ದೇಶಾಂಕಗಳಿಗೆ ತಂದು, ಫಲವನ್ನು ಕಂಟೇನರ್‌ನ ಡ್ರಾಯಿಂಗ್ ರೆಕ್ಟ್‌ನೊಂದಿಗೆ (ಅದರ ಕಾಣುವ ಭಾಗದ ಆಯತದೊಂದಿಗೆ) ಹೋಲಿಸುವುದು ಮೇಲು. ಆದರೆ ಇದು ಲೇಔಟ್‌ನಲ್ಲಿ ನಿಗದಿಯಾದ ಸ್ಥಾನವನ್ನಷ್ಟೇ ನೋಡುತ್ತದೆ. ಟ್ರಾನ್ಸ್‌ಲೇಶನ್ ಎಕ್ಸ್‌ನಿಂದ ಅಡ್ಡಕ್ಕೆ ಸರಿಸಿದ ದೂರವನ್ನು ನಾವೇ ಸೇರಿಸಬೇಕು.

ವ್ಯೂ ಪಟ್ಟಿಯಿಂದ ಕಳಚಿದಾಗ ಸಿಸ್ಟಂನಿಂದ ತಾನಾಗಿ ಬರುವ ಕಾಲ್‌ಬ್ಯಾಕ್‌ಗಳನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಪಟ್ಟಿಗಳನ್ನು ತೋರಿಸುವ ರಿಸೈಕ್ಲರ್‌ವ್ಯೂ ಮುಂದೆ ಬರಲಿರುವ ಐಟಂಗಳನ್ನು ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಐಟಂ ಬೈಂಡ್ ಆಯಿತೆಂದ, ಅಂದರೆ ಅದಕ್ಕೆ ಮಾಹಿತಿ ತುಂಬಿತೆಂದ, ಮಾತ್ರಕ್ಕೆ ಅದು ಕಾಣಿಸಿತೆಂದು ಹೇಳಲಾಗದು. ಕಳಚಿದ ಸುದ್ದಿಯೂ ಐಟಂ ಪೂರ್ತಿ ಮರೆಯಾದ ಮೇಲೆ ಬರುವಂಥದ್ದು, ಅರ್ಧ ಹೊರಗಿರುವ ಸ್ಥಿತಿಯ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ. ಎಷ್ಟು ಪ್ರಮಾಣ ಕಾಣಬೇಕೆಂದು ಕೇಳಿ, ಅದರಂತೆ ತಿಳಿಸುವ ಸೌಲಭ್ಯ ಇರುವಲ್ಲಿ ಅದನ್ನು ಬಳಸುವುದು ಜಾಣತನ: ಸ್ವಿಫ್ಟ್‌ಯುಐನಲ್ಲಿ ಐಓಎಸ್ 18ರಿಂದ ಆನ್‌ಸ್ಕ್ರಾಲ್‌ವಿಸಿಬಿಲಿಟಿಚೇಂಜ್ ಇದೆ, ರಿಯಾಕ್ಟ್ ನೇಟಿವ್‌ನ ಫ್ಲ್ಯಾಟ್‌ಲಿಸ್ಟ್‌ನಲ್ಲಿ ಕಾಣಬೇಕಾದ ಶೇಕಡಾವಾರನ್ನೂ ಕನಿಷ್ಠ ಕಾಲವನ್ನೂ ಒಟ್ಟಿಗೆ ಕೊಡಬಹುದು.

ಅನಿಮೇಶನ್ ನಡೆಯುತ್ತಿರುವಾಗ ಕ್ಷಣದ ಪ್ರಶ್ನೆ ಎದುರಾಗುತ್ತದೆ. ಐಓಎಸ್‌ನಲ್ಲಿ ಅನಿಮೇಶನ್ ಆರಂಭವಾದ ಕೂಡಲೇ ಫ್ರೇಮ್ ಕೊನೆಯ ಬೆಲೆಯನ್ನು ಹೊತ್ತಿರುತ್ತದೆ. ಪರದೆಯ ಮೇಲೆ ಈ ಗಳಿಗೆಯಲ್ಲಿ ಕಾಣುವ ಸ್ಥಾನ ಬೇಕಾದರೆ ಪ್ರೆಸೆಂಟೇಶನ್ ಲೇಯರ್ ಅನ್ನು ಕೇಳಬೇಕು. ಆಂಡ್ರಾಯ್ಡ್‌ನ ಹಳೆಯ ವ್ಯೂ ಅನಿಮೇಶನ್ ಚಿತ್ರವನ್ನಷ್ಟೇ ಸರಿಸುತ್ತದೆ, ವ್ಯೂವಿನ ಸ್ಥಾನ ಬದಲಾಗುವುದಿಲ್ಲ. ಅಂಥಲ್ಲಿ ವ್ಯೂವಿನ ಸ್ಥಾನವನ್ನೇ ಬದಲಿಸುವ ಪ್ರಾಪರ್ಟಿ ಅನಿಮೇಶನ್‌ಗೆ ಹೋಗುವುದೇ ಪರಿಹಾರ.

ಗಡಿಯಲ್ಲಿ ತೂಗಾಡುವ ವ್ಯೂಗಳಿಗೆ ಒಂದೇ ಮಿತಿ ಇಟ್ಟರೆ, ಬೆರಳು ಸ್ವಲ್ಪ ಅಲುಗಿದರೂ ವಿಡಿಯೊ ನಿಂತು, ಮತ್ತೆ ಓಡಿ, ಮತ್ತೆ ನಿಲ್ಲುತ್ತದೆ. ಕಾಣುವ ಭಾಗ 50%ಕ್ಕಿಂತ ಇಳಿದಾಗ ನಿಲ್ಲಿಸಿ, 60% ದಾಟಿದ ಮೇಲಷ್ಟೇ ಮತ್ತೆ ಓಡಿಸಿದರೆ ಈ ಕಿರಿಕಿರಿ ಇರುವುದಿಲ್ಲ. ಐಓಎಸ್‌ನ ಬಟನ್‌ಗಳಿಗೆ ತಳಹದಿಯಾದ ಯುಐಕಂಟ್ರೋಲ್ ಕೂಡ ಬೆರಳು ಬಟನ್‌ನ ಅಂಚು ದಾಟಿದ ತಕ್ಷಣ ಹೊರಗೆ ಹೋಯಿತೆಂದು ತೀರ್ಮಾನಿಸುವುದಿಲ್ಲ, ಆಚೆಗೆ ಒಂದಷ್ಟು ದೂರದವರೆಗೆ ಸಹಿಸಿಕೊಳ್ಳುತ್ತದೆ. ಇನ್ನು ವೇಗದ ವಿಚಾರ: 120 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ (ಇಲ್ಲಿ ಆಯತವಲ್ಲ, ಪರದೆ ಒಮ್ಮೆ ಬಿಡಿಸುವ ಚಿತ್ರ) ಸಿಗುವುದು ಸುಮಾರು 8.3 ಮಿಲಿಸೆಕೆಂಡ್. ಪ್ರತಿ ಫ್ರೇಮ್‌ನಲ್ಲಿ ಆಯತಗಳನ್ನು ಹೋಲಿಸಿದರೆ ತೊಂದರೆಯಿಲ್ಲ, ಆದರೆ ಪ್ಲೇಯರ್ ನಿಲ್ಲಿಸುವುದು ಅಥವಾ ದಾಖಲೆ ಬರೆಯುವುದು ಸ್ಥಿತಿ ಬದಲಾದಾಗ ಮಾತ್ರ ನಡೆಯಬೇಕು.

ಕಂಟೇನರ್‌ನ ಅಳತೆಯೇ ಬದಲಾಗುವ ಸಂದರ್ಭಗಳೂ ಇವೆ. ಕೀಬೋರ್ಡ್ ತೆರೆದಾಗ, ಫೋನ್ ಅಡ್ಡ ತಿರುಗಿದಾಗ ಅಥವಾ ಪರದೆಯನ್ನು ಎರಡು ಆ್ಯಪ್‌ಗಳು ಹಂಚಿಕೊಂಡಾಗ, ಒಂದು ಪಿಕ್ಸೆಲ್‌ನಷ್ಟೂ ಸ್ಕ್ರಾಲ್ ಮಾಡದೆ ವ್ಯೂ ಹೊರಗುಳಿಯಬಹುದು. ಆದ್ದರಿಂದ ಇದೇ ಹೋಲಿಕೆಯನ್ನು ಸ್ಕ್ರಾಲ್‌ನ ಜೊತೆಗೆ ಲೇಔಟ್ ಬದಲಾವಣೆಯ ಕಾಲ್‌ಬ್ಯಾಕ್‌ನಿಂದಲೂ ಕರೆಯಬೇಕು.