ಹೋಗಿ ಬೇಜಾರಾದ ಊರು ಯಾವುದು?

ಒಂದಷ್ಟು ಊರು ಸುತ್ತಿದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಇಷ್ಟವಾದ ಊರು ಯಾವುದೆಂದು ಕೇಳುವವರು ಕಡಿಮೆ. ‘ಇಲ್ಲಿಗೆ ಯಾಕಾದರೂ ಬಂದೆವಪ್ಪಾ ಅನ್ನಿಸಿದ ಜಾಗ ಯಾವುದು, ಅದನ್ನು ಹೇಳಿ’ ಎನ್ನುವವರೇ ಜಾಸ್ತಿ. ಅವರಿಗೆ ಬೇಕಾಗಿರುವುದು ಒಂದು ಹೆಸರು, ತಮ್ಮ ಪಟ್ಟಿಯಿಂದ ಹೊಡೆದುಹಾಕುವುದಕ್ಕೆ.

ಹೆಸರೇ ಬೇಕೆಂದರೆ ಇಗೋ: ಲಾಸ್ ಏಂಜಲೀಸಿನ ಹಾಲಿವುಡ್ ಬುಲೆವಾರ್ಡ್. ಸಿನಿಮಾ ಲೋಕದ ರಾಜಬೀದಿ ಎಂದುಕೊಂಡು ಹೋದರೆ ಸಿಗುವುದು ಸುಮಾರು 2 ಕಿ.ಮೀ. ಉದ್ದದ ಫುಟ್‌ಪಾತ್, ಅದರಲ್ಲಿ ಹುದುಗಿಸಿದ, ಕಲಾವಿದರ ಹೆಸರು ಹೊತ್ತ 2,700ಕ್ಕೂ ಹೆಚ್ಚು ನಕ್ಷತ್ರಗಳು, ಅವುಗಳ ಮೇಲೆ ತಲೆ ತಗ್ಗಿಸಿಕೊಂಡು ನಡೆಯುವ ನಮ್ಮಂಥವರು, ವೇಷ ಹಾಕಿ ಫೋಟೊಗೆ ದುಡ್ಡು ಕೇಳುವ ಒಂದಿಷ್ಟು ಜನ. ಸಿನಿಮಾ ಮಾತ್ರ ಇಲ್ಲ. ಇರುವುದೂ ಕಷ್ಟವೇ. ದೊಡ್ಡ ಸ್ಟುಡಿಯೋಗಳು ಹಾಲಿವುಡ್ ಬಿಟ್ಟು ಎಷ್ಟೋ ಕಾಲವಾಯಿತು. ವಾರ್ನರ್, ಡಿಸ್ನಿ ಇರುವುದು ಬರ್‌ಬ್ಯಾಂಕ್‌ನಲ್ಲಿ, ಸೋನಿ ಕಲ್ವರ್ ಸಿಟಿಯಲ್ಲಿ. ಹಳೆಯ ದೊಡ್ಡ ಸ್ಟುಡಿಯೋಗಳಲ್ಲಿ ಹಾಲಿವುಡ್‌ನಲ್ಲೇ ಉಳಿದದ್ದು ಪ್ಯಾರಮೌಂಟ್ ಒಂದೇ, ಅದೂ ಈ ಬೀದಿಯ ಮೇಲಿಲ್ಲ.

ಆದರೆ ನಾನು ಹೇಳಿದ್ದು ಒಂದು ಬೀದಿಯ ಹೆಸರು. ಪ್ರಶ್ನೆ ಇದ್ದದ್ದು ಊರಿನ ಬಗ್ಗೆ. ‘ದೂರದ ಬೆಟ್ಟ ನುಣ್ಣಗೆ’ ಎಂದು ಗಾದೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹತ್ತಿರ ಹೋದಾಗ ಒಂದೊಂದು ಬೆಟ್ಟ ಒರಟಾಗಿ ಕಾಣುವುದಕ್ಕೆ ಒಂದೊಂದು ಕಾರಣ ಇರುತ್ತದಲ್ಲ, ಮಾತಾಡಬೇಕಾದ್ದು ಅದರ ಬಗ್ಗೆ.

ಕೆಲವು ನಿರಾಸೆಗಳು ಬರೀ ಅಳತೆಯವು. ಕೋಪನ್‌ಹೇಗನ್ನಿನ ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆ 1913ರಿಂದಲೂ 1.25 ಮೀಟರ್ ಎತ್ತರವೇ. ಅವಳನ್ನು ದೊಡ್ಡವಳನ್ನಾಗಿ ಮಾಡಿದ್ದು ಕ್ಯಾಮೆರಾ. ಬ್ರಸೆಲ್ಸಿನ ಉಚ್ಚೆ ಹೊಯ್ಯುವ ಹುಡುಗ ಇನ್ನೂ ಚಿಕ್ಕವನು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿರುವ ಮೋನಾಲಿಸಾ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ. ಗಾಜಿನ ಹಿಂದೆ, ಎತ್ತಿ ಹಿಡಿದ ಫೋನುಗಳ ಆಚೆ ಎಲ್ಲೋ ಇರುತ್ತಾಳೆ. ಆ ಕೋಣೆಯಲ್ಲಿ ನನಗೆ ತಮಾಷೆಯಾಗಿ ಕಾಣುವುದು ಅವಳಿಗೆ ಎದುರಾಗಿರುವ ಗೋಡೆ. ಅಲ್ಲಿ ಇಟಲಿಯ ಚಿತ್ರಕಾರ ವೆರೊನೀಸ್ ಬರೆದ, ಬೈಬಲ್ಲಿನ ಕಾನಾ ಊರಿನ ಮದುವೆಯ ಚಿತ್ರವಿದೆ, ಹೆಚ್ಚುಕಡಿಮೆ 10 ಮೀಟರ್ ಅಗಲ, ಇಡೀ ಲೂವ್ರ್‌ನಲ್ಲೇ ಅತಿ ದೊಡ್ಡ ವರ್ಣಚಿತ್ರ. 1797ರಲ್ಲಿ ನೆಪೋಲಿಯನ್ನನ ಸೈನ್ಯ ವೆನಿಸ್‌ನ ಮಠವೊಂದರಿಂದ ಹೊತ್ತು ತಂದದ್ದು. ‘ಮೋನಾಲಿಸಾ ಇಷ್ಟೇನಾ’ ಎಂದು ಗೊಣಗುವ ಗುಂಪು ಇಡೀ ಹೊತ್ತು ಅದಕ್ಕೆ ಬೆನ್ನು ಹಾಕಿಕೊಂಡೇ ನಿಂತಿರುತ್ತದೆ.

ಊರು ನಿರಾಸೆ ಮಾಡುವ ಬಗೆ ಬೇರೆ. ಮೊದಲ ಭೇಟಿಯಲ್ಲೇ ಮನೆಯೆಲ್ಲ ತೋರಿಸಿ ಕಳಿಸುವವರಿದ್ದಾರೆ, ಹೊಸ್ತಿಲಲ್ಲೇ ಮಾತಾಡಿಸಿ ಕಳಿಸುವವರೂ ಇದ್ದಾರೆ, ಊರುಗಳೂ ಹಾಗೇ. ಪ್ಯಾರಿಸ್ ಮೊದಲನೇ ಜಾತಿಯದು. ಅದರ ಆಡಳಿತ ಮಿತಿಯೊಳಗಿನ ವಿಸ್ತೀರ್ಣ ಸುಮಾರು 105 ಚದರ ಕಿ.ಮೀ. ಅಷ್ಟೇ. ಅದರಲ್ಲೂ 1853ರಿಂದ 1870ರವರೆಗೆ ಹೌಸ್‌ಮನ್ ಎಂಬ ಅಧಿಕಾರಿ ಹಳೆಯ ಓಣಿಗಳನ್ನು ಕೆಡವಿ ಅಗಲ ರಸ್ತೆಗಳನ್ನು ಹಾಯಿಸಿದಾಗ, ಒಂದೇ ಎತ್ತರದ ಕಟ್ಟಡಗಳ ಸಾಲು, ಸಾಲಿನ ಕೊನೆಗೆ ಕಣ್ಣಿಗೆ ಬೀಳುವಂತೆ ಒಂದು ಒಪೆರಾ ಭವನವನ್ನೋ ಕಮಾನನ್ನೋ ಇಡುವ ಲೆಕ್ಕಾಚಾರ ಇತ್ತು. ನೋಡುವವರಿಗಾಗಿಯೇ ಸಿಂಗರಿಸಿಕೊಂಡ ಊರು ಅದು. ಮೂರು ದಿನ ಇದ್ದರೂ ಕೈತುಂಬ ಕೊಡುತ್ತದೆ. (ಅದೂ ಎಲ್ಲರಿಗೂ ಅಲ್ಲ. ಕನಸಿನ ಪ್ಯಾರಿಸ್ ಹುಡುಕಿಕೊಂಡು ಬಂದು ಮನಸ್ಸು ಕೆಡಿಸಿಕೊಂಡ ಕೆಲವು ಜಪಾನೀ ಪ್ರವಾಸಿಗರನ್ನು ನೋಡಿ, ಅಲ್ಲಿಯೇ ಕೆಲಸ ಮಾಡುತ್ತಿದ್ದ ಮನೋವೈದ್ಯ ಹಿರೋಆಕಿ ಓಟಾ 1980ರ ದಶಕದಲ್ಲಿ ಅದಕ್ಕೆ ಪ್ಯಾರಿಸ್ ಸಿಂಡ್ರೋಮ್ ಎಂದು ಹೆಸರಿಟ್ಟರು.)

ಬರ್ಲಿನ್ ವಿಸ್ತೀರ್ಣ 891 ಚದರ ಕಿ.ಮೀ. ಪ್ಯಾರಿಸ್ಸಿನ ಎಂಟು ಪಟ್ಟಿಗಿಂತ ಹೆಚ್ಚು. ಅದು ಒಂದೇ ಊರಾಗಿ ಬೆಳೆದದ್ದೂ ಅಲ್ಲ. ಶಾರ್ಲೊಟೆನ್‌ಬುರ್ಗ್, ಸ್ಪಾಂಡಾವ್, ಕೋಪೆನಿಕ್, ನೊಯ್ಕೋಲ್ನ್ ಎಲ್ಲ ಬೇರೆ ಬೇರೆ ಪಟ್ಟಣಗಳಾಗಿದ್ದವು. 1920ರಲ್ಲಿ ಒಂದು ಕಾಯಿದೆ ಮಾಡಿ, ಸುತ್ತಲಿನ ಹತ್ತಾರು ಹಳ್ಳಿಗಳನ್ನೂ ಸೇರಿಸಿ ಒಂದು ನಗರವೆಂದು ಘೋಷಿಸಿದರು. ಆಮೇಲೆ ಎರಡನೇ ಮಹಾಯುದ್ಧ ಊರಿನ ನಡುವನ್ನು ಕೆಡವಿತು, 1961ರಿಂದ 1989ರವರೆಗೆ ಗೋಡೆ ಅದನ್ನು ಸೀಳಿ ನಿಂತಿತು. ಪೂರ್ವಕ್ಕೊಂದು ಪೇಟೆ, ಪಶ್ಚಿಮಕ್ಕೊಂದು ಪೇಟೆ, ನಡುವೆ ಬಯಲು. ಅಂಥ ಊರಿಗೆ ಎರಡು ದಿನಕ್ಕೆ ಹೋಗಿ ‘ಊರಿನ ಮಧ್ಯಭಾಗ ಎಲ್ಲಿದೆ’ ಎಂದು ಹುಡುಕಿದವರು, ಅಲ್ಲಿ ಏನೂ ಇಲ್ಲ ಎಂದು ಬಂದು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎರಡು ದಿನದಲ್ಲಿ ಅಲ್ಲಿ ಏನೂ ಇಲ್ಲ. ಟೋಕಿಯೊ ಕೂಡ ಇದೇ ಪೈಕಿ: ಯಾಮಾನೊಟೆ ಎಂಬ ರೈಲು 34.5 ಕಿ.ಮೀ. ವರ್ತುಲದಲ್ಲಿ 30 ನಿಲ್ದಾಣ ಸುತ್ತುತ್ತದೆ, ಶಿಂಜುಕು, ಶಿಬುಯಾ, ಉಏನೊ ಎಂದು ದೊಡ್ಡ ನಿಲ್ದಾಣ ಒಂದೊಂದಕ್ಕೂ ತನ್ನದೇ ಒಂದು ಪೇಟೆ, ತನ್ನದೇ ಗತ್ತು.

ಇನ್ನು ಪಕ್ಕದ ಊರಿನ ಜೊತೆ ಹೋಲಿಸಿ ಕೆಡಿಸಿಕೊಳ್ಳುವುದು. ಆಮ್‌ಸ್ಟರ್‌ಡ್ಯಾಮಿನ ಕಾಲುವೆ, ವಾಲಿದ ಮನೆಸಾಲು ನೋಡಿ ಅದೇ ಗುಂಗಿನಲ್ಲಿ, ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದ ರಾಟರ್‌ಡ್ಯಾಮಿಗೆ ಇಳಿದವರಿಗೆ ಮೊದಲು ಆಗುವುದು ಆಘಾತ. ಗಾಜಿನ ಗೋಪುರಗಳು, ಕ್ರೇನುಗಳು, ಓರೆಯಾಗಿ ನಿಲ್ಲಿಸಿದ ಹಳದಿ ಘನಾಕೃತಿಯ ಮನೆಗಳು. ಹಳೆಯದೇನೂ ಇಲ್ಲವಲ್ಲ ಎಂದರೆ ಉತ್ತರ ಒಂದು ದಿನಾಂಕದಲ್ಲಿದೆ: 1940ರ ಮೇ 14. ಅಂದು ಜರ್ಮನ್ ವಿಮಾನಗಳು ಹಾಕಿದ ಬಾಂಬು, ಆಮೇಲೆ ಹಬ್ಬಿದ ಬೆಂಕಿ ಸೇರಿ ಊರಿನ ನಡುಭಾಗವನ್ನು ಬೋಳು ಮಾಡಿದವು. ಸುಮಾರು 80,000 ಜನ ಮನೆ ಕಳೆದುಕೊಂಡರು. ಮತ್ತೆ ಕಟ್ಟಲು ಕೂತಾಗ ಅಲ್ಲಿಯವರು ಹಳೆಯ ಬೀದಿಗಳ ನಕ್ಷೆಯನ್ನು ಪಕ್ಕಕ್ಕಿಟ್ಟರು. 1953ರಲ್ಲೇ ವಾಹನಗಳನ್ನು ಹೊರಗಿಟ್ಟು ನಡೆಯುವವರಿಗೆಂದೇ ಲೈನ್‌ಬಾನ್ ಎಂಬ ಅಂಗಡಿ ಬೀದಿ ತೆರೆದರು. ಅಂದಿನಿಂದ ಕೆಡವುವುದು, ಕಟ್ಟುವುದು, ಹೊಸದನ್ನು ಪರೀಕ್ಷಿಸಿ ನೋಡುವುದು ಆ ಊರಿನ ಹವ್ಯಾಸವಾಗಿಬಿಟ್ಟಿದೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ್ದು ಪೋಲೆಂಡಿನ ರಾಜಧಾನಿ ವಾರ್ಸಾ. ಯುದ್ಧ ಅದೇ, ಹಾಳುಮಾಡಿದವರೂ ಅವರೇ. 1944ರಲ್ಲಿ ಊರಿನವರು ತಮ್ಮ ವಿರುದ್ಧ ಎದ್ದ ದಂಗೆಯ ನಂತರ ಜರ್ಮನ್ನರು ಬೀದಿ ಬೀದಿಯಾಗಿ ಬೆಂಕಿ ಹಚ್ಚಿ, ಸಿಡಿಮದ್ದಿಟ್ಟು ಊರನ್ನು ನೆಲಸಮ ಮಾಡಿದರು. ಹಳೆಯ ಪಟ್ಟಣದ 85% ಭಾಗಕ್ಕಿಂತ ಹೆಚ್ಚು ನಾಶವಾಯಿತು. ವಾರ್ಸಾದವರು ಮಾಡಿದ್ದು ರಾಟರ್‌ಡ್ಯಾಮಿನವರಿಗೆ ತದ್ವಿರುದ್ಧ. ಯುದ್ಧಕ್ಕೆ ಮೊದಲು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಳೆದು ಬರೆದು, ಆಮೇಲೆ ಬಚ್ಚಿಟ್ಟು ಉಳಿಸಿದ ನಕ್ಷೆಗಳನ್ನು ತೆಗೆದರು. 18ನೇ ಶತಮಾನದಲ್ಲಿ ಇಟಲಿಯ ಚಿತ್ರಕಾರ ಬೆಲೊಟ್ಟೊ ಬರೆದ ವಾರ್ಸಾ ಬೀದಿಗಳ ಚಿತ್ರಗಳನ್ನು ನೋಡಿಕೊಂಡರು. ಬಿದ್ದ ಇಟ್ಟಿಗೆಗಳನ್ನೂ ಆದಷ್ಟು ಬಳಸಿ, ಹೋದದ್ದನ್ನು ಇದ್ದಂತೆಯೇ ಎಬ್ಬಿಸಿದರು. 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಪ್ಪತ್ತು ಎಂಬತ್ತು ವರ್ಷದ ಕಟ್ಟಡಗಳನ್ನು ಮಧ್ಯಯುಗದವು ಎಂದುಕೊಂಡು ಹೋಗಿ, ನಿಜ ಗೊತ್ತಾದ ಮೇಲೆ ‘ಎಲ್ಲ ಡೂಪ್ಲಿಕೇಟು’ ಎಂದು ಮುಖ ಗಂಟಿಕ್ಕಿಕೊಳ್ಳುವ ಪ್ರವಾಸಿಗರಿದ್ದಾರೆ. ನನಗಂತೂ ಆ ನಿಜ ಗೊತ್ತಾದ ಮೇಲೆಯೇ ಆ ಹಳೆಯ ಪಟ್ಟಣದ ಚೌಕದಲ್ಲಿ ಕಾಲು ನಿಂತದ್ದು.

ನಕಲು ಎನ್ನುವುದೇ ತಪ್ಪಾಗಿದ್ದರೆ ಇಟಲಿಯ ವೆರೋನಾದ ಜೂಲಿಯೆಟ್ ಬಾಲ್ಕನಿಯೂ ವಾರ್ಸಾವೂ ಒಂದೇ ತಕ್ಕಡಿಯಲ್ಲಿ ತೂಗಬೇಕಿತ್ತು. ಆ ಬಾಲ್ಕನಿಯನ್ನು ಹಳೆಯ ಮನೆಯೊಂದಕ್ಕೆ ಸೇರಿಸಿದ್ದು 1930ರ ದಶಕದ ಕೊನೆಗೆ. ಜೂಲಿಯೆಟ್ ಶೇಕ್ಸ್‌ಪಿಯರನ ನಾಟಕದ ಕಥೆಯವಳು; ಅವಳು ನಿಂತ ಜಾಗವನ್ನು ಬಂದವರಿಗೆ ತೋರಿಸಬೇಕಾಗಿತ್ತು, ಜೋಡಿಸಿದರು. ಬರ್ಲಿನ್ನಿನಲ್ಲಿ ಗೋಡೆಯಿದ್ದ ಕಾಲಕ್ಕೆ ಪೂರ್ವ, ಪಶ್ಚಿಮದ ನಡುವೆ ದಾಟುವ ಠಾಣೆಯಾಗಿದ್ದ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಈಗಿರುವ ಕಾವಲು ಗುಡಿಸಲೂ ನಕಲೇ. ಕೊನೆಯವರೆಗೆ ಅಲ್ಲಿದ್ದ ಅಸಲು ಗುಡಿಸಲು ನಗರದ ಇನ್ನೊಂದು ಕಡೆ ಮ್ಯೂಸಿಯಂನಲ್ಲಿದೆ, ಅಲ್ಲಿಗೆ ಹೋಗುವವರು ಕಡಿಮೆ. ವಾರ್ಸಾದವರು ಕಟ್ಟಿಕೊಂಡದ್ದು ತಾವು ಬಾಳುವುದಕ್ಕೆ. ಬಾಲ್ಕನಿ ಕಟ್ಟಿದ್ದು ನಾವು ಬಂದು ನೋಡುವುದಕ್ಕೆ. ನನ್ನ ಮಟ್ಟಿಗೆ ನಿರಾಸೆ ಹುಟ್ಟುವುದು ಇಲ್ಲೇ. ಹಾಲಿವುಡ್ ಬುಲೆವಾರ್ಡ್ ಹೆಸರನ್ನು ಮೊದಲು ಹೇಳಿದ್ದೂ ಇದಕ್ಕೇ. ನಾವಿಲ್ಲದಿದ್ದರೂ ನಡೆಯುವ ಕೆಲಸ ಯಾವ ಬೀದಿಯಲ್ಲಿ ಇಲ್ಲವೋ, ಆ ಬೀದಿಗೆ ಸ್ವಭಾವವೂ ಇರುವುದಿಲ್ಲ. ಬರ್ಲಿನ್, ರಾಟರ್‌ಡ್ಯಾಮ್ ನಮ್ಮ ಕಡೆ ತಿರುಗಿ ನೋಡದಿರಬಹುದು. ತಮ್ಮ ಪಾಡಿಗೆ ಏನೋ ಮಾಡುತ್ತಿರುತ್ತವೆ, ಅದನ್ನು ನೋಡುತ್ತಾ ನಿಲ್ಲಬಹುದು.

ಹಾಗಾದರೆ ವೆನಿಸ್? ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಅದೇ. 1951ರಲ್ಲಿ ಅದರ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಜನ ಇದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು, ಹುಡುಗರು ಕೆಲಸ, ಮನೆ ಹುಡುಕಿಕೊಂಡು ಆಚೆ ದಡದ ಮೇಸ್ತ್ರೆಗೆ ಹೋದರು. 2024ರಿಂದ ಕೆಲವು ದಿನಗಳಲ್ಲಿ, ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ಪ್ರವೇಶ ಶುಲ್ಕವೂ ಇದೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಇದರ ಪುಟ್ಟ ಆವೃತ್ತಿ: ಏಳೆಂಟು ನೂರು ಜನರ ಸರೋವರದ ಊರು. 2023ರಲ್ಲಿ, ಸೆಲ್ಫಿ ತೆಗೆಯುವವರ ಕಾಟ ತಾಳಲಾರದೆ ಆ ಸುಂದರ ನೋಟಕ್ಕೇ ಮರದ ಬೇಲಿ ಅಡ್ಡ ಕಟ್ಟಿ, ಟೀಕೆ ಬಂದ ಮೇಲೆ ತೆಗೆದರು. ಬೇಲಿ ಕಟ್ಟಿದ್ದು ನನಗೇನೋ ಒಳ್ಳೆಯ ಲಕ್ಷಣವಾಗಿಯೇ ಕಂಡಿತು. ಅಲ್ಲಿ ಇನ್ನೂ ಸಿಟ್ಟು ಬರುವ ಜನ ಇದ್ದಾರೆ ಎಂದಾಯಿತಲ್ಲ.

ವೆನಿಸ್‌ಗೆ ಹೋಗಬೇಡಿ ಎಂದು ಮಾತ್ರ ಹೇಳಲಾರೆ. ಹಗಲು ಸ್ಯಾನ್ ಮಾರ್ಕೋ ಚೌಕದಿಂದ ರಿಯಾಲ್ಟೊ ಸೇತುವೆಯವರೆಗೆ ಜನ ನೂಕಿದ ಕಡೆ ಸಾಗುವುದು, ಸಂಜೆ ಬಸ್ಸು ಹತ್ತುವುದು, ಇಷ್ಟೇ ಯೋಜನೆಯಾಗಿದ್ದರೆ ಬೇಡ. ರಾತ್ರಿ ದ್ವೀಪದಲ್ಲೇ ಉಳಿಯುವುದಾದರೆ, ಚಳಿಗಾಲದಲ್ಲಿ ಹೋಗುವುದಾದರೆ, ಪೂರ್ವದ ಕಸ್ತೆಲ್ಲೊ ಕಡೆ ನಡೆದು ಎದುರುಬದುರು ಕಿಟಕಿಗಳ ನಡುವೆ ಬಟ್ಟೆ ಒಣಹಾಕುವ ಓಣಿಗಳನ್ನು ಹುಡುಕುವ ವ್ಯವಧಾನ ಇದ್ದರೆ, ಖಂಡಿತ ಹೋಗಿ.

ಉಳಿದಂತೆ ಯಾರಾದರೂ ಹೀಗೆ ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ: ಎಷ್ಟು ದಿನ ಇದೆ? ಒಂದು ವಾರ ಎಂದರೆ ಕಣ್ಣು ಮುಚ್ಚಿ ಬರ್ಲಿನ್ ಹೇಳುತ್ತೇನೆ. ಎರಡೇ ದಿನ ಎಂದರೆ ಪ್ರಾಗ್: ಕೋಟೆ, ಹೊಳೆ, ಸೇತುವೆ, ಹಳೆಯ ಚೌಕ ಎಲ್ಲ ನಡೆದೇ ಮುಗಿಯುತ್ತದೆ, ಚಾರ್ಲ್ಸ್ ಸೇತುವೆಗೆ ಮಾತ್ರ ಬೆಳಗ್ಗೆ ಏಳರೊಳಗೆ ಹೋಗಬೇಕು.