ಜುಲೈನಲ್ಲಿ ಬಂದು ನೋಡಿ

ಅಪ್ಪನನ್ನು ಒಮ್ಮೆ ಕೇಳದೆಯೇ ಊರು ಬಿಡಿಸಿದ್ದೇನೆ. 2019ರಲ್ಲಿ ಅವ್ವ ತೀರಿಕೊಂಡು ತಿಂಗಳು ಕಳೆಯುವ ಮೊದಲೇ ಗದಗಿನ ಮನೆಗೆ ಬೀಗ ಹಾಕಿ, ಎರಡು ಸೂಟ್‌ಕೇಸು ಮತ್ತು ಅವರ ಕಿಟ್ಟೆಲ್ ನಿಘಂಟಿನ ಸಮೇತ ಬೆಂಗಳೂರಿನ ಮಾರತ್ತಹಳ್ಳಿಯ ನಮ್ಮ ನಾಲ್ಕನೇ ಮಹಡಿಗೆ ಕರೆತಂದೆ. ಅವರು ಬೇಡ ಅನ್ನಲಿಲ್ಲ. ಬೇಡ ಅನ್ನುವಷ್ಟು ಹೊತ್ತನ್ನು ನಾನು ಕೊಟ್ಟಿರಲೂ ಇಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಮನುಷ್ಯ. ಸಂಜೆ ಬೆಟಗೇರಿಯ ತನಕ ನಡೆದುಹೋಗಿ ಬರುವಷ್ಟರಲ್ಲಿ ಹತ್ತು ಕಡೆ ನಿಂತು ಮಾತಾಡುತ್ತಿದ್ದವರು. ಬೆಂಗಳೂರಿಗೆ ಬಂದ ಹೊಸತರಲ್ಲಿ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಹೇಳುತ್ತಿದ್ದರು. ಆರು ತಿಂಗಳಲ್ಲಿ ಅದು ನಿಂತುಹೋಯಿತು. ಆಮೇಲೆ ಬಾಲ್ಕನಿಯ ಕುರ್ಚಿಯೇ ಅವರ ಊರಾಯಿತು.

ಕಳೆದ ವರ್ಷ ನನ್ನ ಗಂಡನಿಗೆ, ಬೇಕಿದ್ದರೆ ಕಂಪನಿಯ ಮಂಗಳೂರು ಕಚೇರಿಗೆ ಹೋಗಬಹುದು ಎಂಬ ಅವಕಾಶ ಬಂತು. ಸಂಬಳ ಅಷ್ಟೇ. ನಾನು ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುವವಳು, ನನಗೆ ಊರು ಯಾವುದಾದರೂ ಒಂದೇ. ಇಬ್ಬರೂ ಕೂತು ಒಂದು ಹಾಳೆಯಲ್ಲಿ ಲೆಕ್ಕ ಬರೆದೆವು. ಇಲ್ಲಿ ಬಾಡಿಗೆ 36 ಸಾವಿರ, ಅಲ್ಲಿ 17ರಿಂದ 20. ಮಗಳ ಶಾಲೆ. ಆಸ್ಪತ್ರೆ. ಅಪ್ಪನ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ. ಒಂದು ರಾತ್ರಿ ಎಂಟು ಗಂಟೆಗೆ ಎದೆ ನೋವೆಂದಾಗ ಏಳು ಕಿಲೋಮೀಟರ್ ದೂರದ ಆಸ್ಪತ್ರೆಗೆ ಮುಟ್ಟಲು ಐವತ್ತು ನಿಮಿಷ ಹಿಡಿದಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಅವರ ಕೈ ಹಿಡಿದು ಕೂತ ಆ ಐವತ್ತು ನಿಮಿಷವನ್ನು ನಾನು ಮರೆತಿಲ್ಲ. ಮಂಗಳೂರಿನಲ್ಲಿ ಹಲವು ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳು ಹತ್ತಿರ ಹತ್ತಿರದಲ್ಲೇ ಇವೆ. ಹಾಳೆಯ ಕೊನೆಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಬರೆದಿದ್ದೆ: ‘ಗದಗ ಮನೆ ಮಾರಿದರೆ ಫ್ಲ್ಯಾಟಿಗೆ ಅರ್ಧ ದುಡ್ಡು.’ ಅದನ್ನು ಅಪ್ಪನಿಗೆ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಅಪ್ಪನನ್ನು ಕಾಕಾನ ಮನೆಗೆ ಬಿಟ್ಟು ನಾವು ಮೂವರು ಹೋಗಿ ಬಂದೆವು. ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ತಣ್ಣೀರುಬಾವಿ, ಪಣಂಬೂರು, ಐಸ್‌ಕ್ರೀಮು. ಮಗಳು ಮೊದಲ ದಿನವೇ ತೀರ್ಮಾನ ಮಾಡಿಯಾಗಿತ್ತು. ಕಚೇರಿಯಲ್ಲಿ ಪುತ್ತೂರಿನ ಕಡೆಯ ಹಿರಿಯರೊಬ್ಬರು ಮಾತ್ರ ನನ್ನ ಗಂಡನಿಗೆ ಹೇಳಿದರಂತೆ: “ಮೇಯಲ್ಲಿ ನೋಡಿ ಎಂಥ ಗೊತ್ತಾಗ್ತದೆ ಮಾರಾಯ್ರೆ? ಜುಲೈಯಲ್ಲಿ ಒಮ್ಮೆ ಬಂದು ನೋಡಿ. ಆಗಲೂ ಇರುವ ಅಂತ ಅನ್ನಿಸಿದ್ರೆ ಮತ್ತೆ ಎಂಥ ಯೋಚನೆ ಬೇಡ.”

ಆ ಮಾತು ಕೇಳಿ ಹಾಳೆಯನ್ನು ಮತ್ತೆ ಬಿಚ್ಚಿ ನೋಡಿದೆ. ಅದರಲ್ಲಿ ಅಪ್ಪ ಇದ್ದರು, ಖರ್ಚಿನ ಬಾಬತ್ತಾಗಿ: ಸ್ಟೆಂಟು, ಲಿಫ್ಟು, ಮಾತ್ರೆ. ಅವರಿಗೆ ಏನು ಬೇಕೆಂದು ಎಲ್ಲೂ ಬರೆದಿರಲಿಲ್ಲ. ಜುಲೈಗೆ ನಾನು ಮತ್ತು ಅಪ್ಪ ಇಬ್ಬರೇ ಹೊರಟೆವು.

ರಾತ್ರಿ ರೈಲು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗಗಳು ಬರುತ್ತವೆ. ಕಿಟಕಿಗೆ ಬಡಿಯುವ ಮಳೆಯ ಸದ್ದು ಸುರಂಗದೊಳಗೆ ಹೋದಾಗ ಒಮ್ಮೆಲೇ ನಿಲ್ಲುವುದು, ಹೊರಬಂದ ಕೂಡಲೇ ಮತ್ತೆ ಬಡಿಯುವುದು. ಅಪ್ಪ ಮಲಗದೆ ಅದನ್ನೇ ಕೇಳುತ್ತ ಕೂತಿದ್ದರು. ಗದಗಿಗೆ ಇಡೀ ವರ್ಷದಲ್ಲಿ ಬೀಳುವುದಕ್ಕಿಂತ ಹೆಚ್ಚು ಮಳೆ ಮಂಗಳೂರಿಗೆ ಜುಲೈ ಒಂದರಲ್ಲೇ ಬೀಳುತ್ತದೆ. ಸ್ಟೇಷನ್ನಿನ ಹೊರಗೆ ನಿಂತು ಅಪ್ಪ ಅಂದರು: “ಇದು ಮಳಿ ಅಲ್ಲವಾ, ಕೆರಿ ಕೋಡಿ ಬಿದ್ದಂಗ ಆಗೇತಿ.”

ಮೊದಲು ನೋಡಿದ್ದು ಬಿಜೈಯ ಅಪಾರ್ಟ್‌ಮೆಂಟು, ಆರನೇ ಮಹಡಿ. ಕಪಾಟು ಸರಿಸಿದರೆ ಗೋಡೆಯ ಮೇಲೆ ಕಪ್ಪು ಬೂಷ್ಟು. ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ ಎಂದು ದಲ್ಲಾಳಿ ಹೇಳಿದ; ಆ ದಿನ ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲ. ಅಪ್ಪ ಬಾಲ್ಕನಿಯವರೆಗೆ ಹೋಗಿ, ಅಲ್ಲೊಂದು ಕುರ್ಚಿ ಹಾಕುವಷ್ಟೇ ಇದ್ದ ಜಾಗ ನೋಡಿ ವಾಪಸು ಬಂದರು. ನಾನು ಮತ್ತೇನೂ ಕೇಳಲಿಲ್ಲ.

ಮಳೆ ಹೆಚ್ಚಾಗಿ ಜ್ಯೋತಿ ಬಸ್ ಸ್ಟಾಪಿನಲ್ಲಿ ನಿಂತೆವು. ಸಿಟಿ ಬಸ್ಸುಗಳು ಒಂದರ ಹಿಂದೆ ಒಂದು ಬಂದು, ಪೂರ್ತಿ ನಿಲ್ಲುವ ಮೊದಲೇ ‘ರೈಟ್ ಪೋಯಿ’ ಎಂದು ಹೊರಡುತ್ತಿದ್ದವು. ಮೆಟ್ಟಿಲು ಎಷ್ಟು ಎತ್ತರವೆಂದರೆ ಅಪ್ಪನ ಮಂಡಿಗೆ ಅದು ಆಗದ ಮಾತು. ಇದೊಂದು ನನಗೆ ಈಗಲೂ ಸರಿ ಕಾಣದ ಸಂಗತಿ. ಇಷ್ಟು ಬಸ್ಸುಗಳಿರುವ ಊರಿನಲ್ಲಿ ವಯಸ್ಸಾದವರು ಆಟೋವನ್ನೇ ನಂಬಬೇಕು. ಅದನ್ನೇ ಯೋಚಿಸುತ್ತ ನಿಂತಾಗ ಹಿಂದಿನಿಂದ ಒಂದು ಮಾತು ಕೇಳಿತು: “ಇವತ್ತೂ ಕೆಲಸಿಲ್ಲ ಬಿಡಪಾ.” ಅಪ್ಪ ಗಕ್ಕನೆ ತಿರುಗಿದರು. ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬುತ್ತಿ ಡಬ್ಬಿ ಹಿಡಿದ ಐದಾರು ಜನ ನಿಂತಿದ್ದರು.

“ಯಾವೂರಪಾ ನಿಮ್ಮದು?”

“ರೋಣ ತಾಲೂಕ್ರಿ. ತಾವು?”

“ಗದಗ.”

ಅಷ್ಟು ಸಾಕಾಯಿತು. ಅವರಲ್ಲೊಬ್ಬ ಹನ್ನೊಂದು ವರ್ಷದಿಂದ ಇಲ್ಲಿ ಗಾರೆ ಕೆಲಸ ಮಾಡುತ್ತಿದ್ದಾನೆ. “ಊರಾಗ ಎರಡು ವರ್ಸ ಮಳಿ ಹೋತ್ರಿ, ಇಲ್ಲಿಗೆ ಬಂದ್ವಿ. ಇಲ್ಲಿ ಮಳಿ ಹಿಡೀತಂದ್ರ ಕೆಲಸ ಇಲ್ರಿ” ಎಂದ. ಜೋಳ ಈಗಲೂ ಊರಿನಿಂದ ಬಸ್ಸಿನಲ್ಲಿ ಬರುತ್ತದಂತೆ. ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಐದನೆಯ ಇಯತ್ತೆ, ಗೆಳತಿಯರ ಜೊತೆ ತುಳು ಮಾತಾಡುತ್ತಾಳಂತೆ. “ನಮಗ ತಿಳಿಯಂಗಿಲ್ರಿ, ಆಕೀನ ಬಿಡಿಸಿ ಹೇಳ್ತಾಳ” ಅನ್ನುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. ಇಲ್ಲಿಯ ಹೊಸ ಕಟ್ಟಡಗಳ ಗಾರೆಯಲ್ಲಿ ನಮ್ಮ ಕಡೆಯವರ ಬೆವರು ಸಾಕಷ್ಟು ಬೆರೆತಿದೆ. ಬರಬೇಕೋ ಬೇಡವೋ ಎಂದು ಹಾಳೆಯ ಮೇಲೆ ಲೆಕ್ಕ ಹಾಕಿ ಕೂರುವ ಅನುಕೂಲ ಅವರಲ್ಲಿ ಯಾರಿಗೂ ಇದ್ದಿರಲಿಕ್ಕಿಲ್ಲ. ನನ್ನ ಬ್ಯಾಗಿನಲ್ಲಿದ್ದ ಹಾಳೆ ಆ ಹೊತ್ತಿಗೆ ಬಹಳ ಭಾರವೆನಿಸಿತು.

ಮಳೆ ತುಸು ಇಳಿದ ಮೇಲೆ ಬಲ್ಮಠದ ಗುಡ್ಡಕ್ಕೆ ಹೋಗಬೇಕೆಂದು ಅಪ್ಪನೇ ಹೇಳಿದರು. ದಿನವಿಡೀ ಅವರಾಗಿಯೇ ಕೇಳಿದ್ದು ಅದೊಂದನ್ನೇ. ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಷನ್ನಿನ ಅಚ್ಚುಕೂಟ ಇದ್ದದ್ದು ಅಲ್ಲಿ. ಆ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಹೊರಬಂದದ್ದು, ಎಲ್ಲ ಈ ಊರಿನಿಂದಲೇ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಇಸವಿಗಳು ನನಗೆ. ಅಪ್ಪನಿಗೆ ಹಾಗಲ್ಲ. “ಆ ಕಿಟ್ಟೆಲ್ ಧಾರವಾಡ, ಹುಬ್ಬಳ್ಳಿಯೊಳಗ ನಮ್ಮ ಮಂದಿ ಮಾತು ಕೇಳಿದ್ದ. ಇಲ್ಲಿ ಬಂದು ಇವರ ಮಾತೂ ಕೇಳಿದ. ಎಲ್ಲಾ ಕೂಡಿಸಿ ಒಂದ ಪುಸ್ತಕದಾಗ ಇಟ್ಟ” ಅಂದರು. ಮಳೆಯಲ್ಲಿ ಕೊಡೆ ಹಿಡಿದು, ಗೇಟಿನ ಆಚೆಗಿನ ಮರಗಳನ್ನು ನೋಡುತ್ತ ಹತ್ತು ನಿಮಿಷ ನಿಂತೆವು.

ಮಧ್ಯಾಹ್ನದ ಮನೆ ಜೆಪ್ಪುವಿನಲ್ಲಿ. ಹಳೆಯ ಹಂಚಿನ ಮನೆ, ನಡುವೆ ಗೋಡೆ ಹಾಕಿ ಎರಡು ಮಾಡಿದ್ದು; ಒಂದರಲ್ಲಿ ಒಡತಿ, ಇನ್ನೊಂದು ಬಾಡಿಗೆಗೆ. ಎಪ್ಪತ್ತರ ಹತ್ತಿರದ ಆಕೆ ಬಾಗಿಲಲ್ಲೇ ನಿಂತು ಕೂಗಿ ಹೇಳಿದರು: “ಮೆಲ್ಲ ಬನ್ನಿ, ಮೆಟ್ಟಿಲು ಜಾರ್ತದೆ.” ಮುರಕಲ್ಲಿನ ಮೆಟ್ಟಿಲ ಮೇಲೆ ಹಸಿರು ಪಾಚಿ. ಅಪ್ಪನ ಕಾಲು ಒಮ್ಮೆ ಜಾರಿಯೇ ಬಿಟ್ಟಿತು. ನಾನು ರಟ್ಟೆ ಹಿಡಿದುಕೊಂಡೆ.

ಬಾಡಿಗೆ ಕೊಡುವವರು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. “ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಕರೆಂಟು ಹೋಗ್ತದೆ. ಈ ಗೋಡೆ ಒದ್ದೆ ಆಗ್ತದೆ, ಎಂಥ ಮಾಡಿದ್ರೂ ಸರಿ ಆಗುವುದಿಲ್ಲ. ಬೇಸಿಗೆಯಲ್ಲಿ ಕಾರ್ಪೊರೇಶನ್ ನೀರು ಕೆಲವು ವರ್ಷ ಕಮ್ಮಿ ಆಗ್ತದೆ. ಬಾವಿ ಉಂಟು, ಹಾಗಾಗಿ ಹೆದರಿಕೆ ಇಲ್ಲ.” ಊರಿಗೆ ಕುಡಿಯುವ ನೀರು ನೇತ್ರಾವತಿಗೆ ಕಟ್ಟಿದ ತುಂಬೆ ಕಿಂಡಿ ಅಣೆಕಟ್ಟಿನಿಂದ ಬರುತ್ತದೆ. ಇಷ್ಟು ಮಳೆ ಸುರಿದರೂ ಬಹುಪಾಲು ಸಮುದ್ರಕ್ಕೆ ಹರಿದುಹೋಗಿ, ಬೇಸಿಗೆ ಮಳೆ ಕೈಕೊಟ್ಟ ವರ್ಷ ಮೇ ಹೊತ್ತಿಗೆ ಅಣೆಕಟ್ಟಿನ ಮಟ್ಟವನ್ನು ಜನ ದಿನಾ ಪತ್ರಿಕೆಯಲ್ಲಿ ನೋಡಬೇಕಾಗುತ್ತದೆ.

ಅಪ್ಪ ಇದಾವುದನ್ನೂ ಕೇಳುತ್ತಿರಲಿಲ್ಲ. ತಲೆಯೆತ್ತಿ ಮಾಡು ನೋಡುತ್ತಿದ್ದರು. “ನಾ ಕಲಿಸಿದ ಸಾಲಿ ಮ್ಯಾಲೂ ಇವ ಹಂಚ ಇದ್ದವು. ಮಂಗ್ಯಾ ಒಡದಾಗೊಮ್ಮೆ ನಾನ ಏರಿ ಹೊಚ್ಚತಿದ್ದೆ.”

“ಅದು ಇಲ್ಲಿದೇ ಅಲ್ವಾ! ಈ ಜೆಪ್ಪುವಿನಲ್ಲೇ ಹಂಚಿನ ಫ್ಯಾಕ್ಟ್ರಿ ಇದ್ದದ್ದು. ಶಾಲೆಯಲ್ಲಿ ಕಲಿಸ್ತಿದ್ದದ್ದಾ ನೀವು? ಮೊದ್ಲೇ ಹೇಳ್ಬೇಕಲ್ವಾ ಮಾಷ್ಟ್ರೆ. ಕೂತ್ಕೊಳ್ಳಿ, ಕೂತ್ಕೊಳ್ಳಿ.”

ಬಾಸೆಲ್ ಮಿಷನ್ 1865ರಲ್ಲಿ ಆ ಕಾರ್ಖಾನೆ ತೆರೆದದ್ದು ನನಗೂ ಗೊತ್ತಿತ್ತು. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ‘ಮಾಷ್ಟ್ರೆ’. ಗದಗಿನಲ್ಲಿ ‘ಮಾಸ್ತರ್ರ’ ಎಂದು ಕರೆಯುತ್ತಿದ್ದರು. ಬೆಂಗಳೂರಿನಲ್ಲಿ ಸೆಕ್ಯುರಿಟಿಯವರು ‘ಅಂಕಲ್’ ಅನ್ನುತ್ತಾರೆ, ಅದೂ ಪಾರ್ಸೆಲ್ ಬಂದಾಗ. ಇಷ್ಟು ವರ್ಷದ ಮೇಲೆ ಯಾರೋ ಅವರನ್ನು ಅವರ ಹೆಸರಿನಿಂದಲೇ ಕರೆದಂತಾಯಿತು. ಅಪ್ಪ ಕುರ್ಚಿಯ ತುದಿಗೆ ಕೂತಿದ್ದವರು ಹಿಂದಕ್ಕೆ ಒರಗಿದರು.

ಪತ್ರೊಡೆ ಬಂತು. ಕೆಸುವಿನ ಎಲೆಗೆ ಅಕ್ಕಿ-ಮಸಾಲೆಯ ಹಿಟ್ಟು ಸವರಿ, ಸುತ್ತಿ, ಬೇಯಿಸಿದ್ದು. ಎಲೆ ಬಾಯಿ ತುರಿಸದಂತೆ ಹುಳಿ ಹೇಗೆ ಹಾಕಬೇಕೆಂದು ಆಕೆ, ಜೋಳದ ಹಿಟ್ಟಿಗೆ ಬಿಸಿನೀರು ಯಾಕೆ ಬೇಕೆಂದು ಅಪ್ಪ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲೇ ಪಾಲೆ ಮರದ ತೊಗಟೆ ತಂದು ಕಷಾಯ ಕುಡಿಯುವುದನ್ನು ಆಕೆ ಹೇಳಿದರು. ನಮ್ಮ ಕಡೆ ಮಣ್ಣೆತ್ತು ಮಾಡುವುದು ಅಂದೋ ಅಥವಾ ಅದರ ಹಿಂದಿನ ಅಮಾವಾಸ್ಯೆಗೋ ಎಂದು ಅಪ್ಪ ಬೆರಳೆಣಿಸತೊಡಗಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಹಿಡಿಯದೆ ಎರಡೆರಡು ಸಲ ಕೇಳಿಕೊಳ್ಳುತ್ತಿದ್ದರು. ನಲವತ್ತು ನಿಮಿಷ. ನಮ್ಮ ಮನೆಯಲ್ಲಿ ಅವರು ವಾರವೆಲ್ಲ ಕೂಡಿಸಿದರೂ ಅಷ್ಟು ಮಾತಾಡುತ್ತಿರಲಿಲ್ಲ.

ಬಾಡಿಗೆ 18 ಸಾವಿರ, ಎರಡು ತಿಂಗಳ ಅಡ್ವಾನ್ಸು. ಮಗಳ ಶಾಲೆ ಮುಗಿಯುವುದು ಮಾರ್ಚಿಗೆ ಎಂದೆ. “ಅಷ್ಟು ದಿನ ಖಾಲಿ ಇಡ್ಲಿಕ್ಕೆ ಕಷ್ಟ. ನೋಡುವ, ಫೋನ್ ಮಾಡಿ” ಅಂದರು.

ರಾತ್ರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೊನೆಗೂ ಕೇಳಿದೆ: “ಅಪ್ಪಾ, ನಿಮಗ ಹ್ಯಾಂಗ ಅನಸ್ತೈತಿ? ಇಲ್ಲಿ ಬರೂಣೇನು?”

ಅವರು ಒದ್ದೆ ಕೊಡೆಯನ್ನು ಮಡಿಚಿ, ಅದರ ಬಟನ್ ಹಾಕಿ, ಕಾಲ ಬಳಿ ಇಟ್ಟುಕೊಂಡರು.

“ಈ ಮಳಿಯೊಳಗ ನನಗ ಆಗಂಗಿಲ್ಲವಾ. ಆ ಮೆಟ್ಟಲದ ಮ್ಯಾಲ ಒಂದ ಸಲ ಬಿದ್ರ ಮುಗೀತು. ಜೂನಿಂದ ಸಪ್ಟಂಬರ್ ತನಕ ನಾ ಗದಗಿನ್ಯಾಗ ಇರ್ತೀನಿ. ಬಾಜೂಕ ನಿಮ್ಮ ಕಾಕಾ ಅದಾನ. ಉಳಿದ ಎಂಟು ತಿಂಗಳು ಇಲ್ಲೆ.” ಸ್ವಲ್ಪ ತಡೆದು ಅಂದರು: “ಅದಕ್ಕ ಆ ಮನಿ ಇರಬೇಕು.”

ನಾನು ಮಾತಾಡಲಿಲ್ಲ.

“ಆ ಹಾಳಿ ನೋಡೇನಿ. ಊಟದ ಟೇಬಲ್ ಮ್ಯಾಲ ಇಟ್ಟಿದ್ದಿ. ಪೆನ್ಸಿಲ್ಲಿಂದ ಬರದಿದ್ದಿಯಲ್ಲ, ಅಳಸಾಕ ಬರ್ತೈತಿ ಅಂತ ಸುಮ್ಮನಿದ್ದೆ.”

ರೈಲು ಬರಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಪ್ಲಾಟ್‌ಫಾರ್ಮಿನ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಫೋನಿನಲ್ಲಿ ಗಂಡನಿಗೆ ಎರಡು ಸಲ ಕೂಗಿ ಹೇಳಬೇಕಾಯಿತು. ಫ್ಲ್ಯಾಟು ಬೇಡ, ಬಾಡಿಗೆಗೇ ಇರೋಣ. ಜೆಪ್ಪುವಿನ ಮನೆಗೆ ಈ ತಿಂಗಳಿನಿಂದಲೇ ಅಡ್ವಾನ್ಸ್ ಕೊಟ್ಟು ಹಿಡಿದಿಡೋಣ. ಗದಗಿನ ಮನೆ ಮಾರುವುದಿಲ್ಲ. ಅಪ್ಪ ಅಷ್ಟರಲ್ಲಿ ಒಡತಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಿದ್ದ ಪತ್ರೊಡೆಯ ಪೊಟ್ಟಣ ಬಿಚ್ಚಿ, ನನ್ನ ಪಾಲನ್ನು ಬೇರೆ ತೆಗೆದಿಟ್ಟಿದ್ದರು.