ವೀಸಲ್‌ನ ಬೆನ್ನ ಮೇಲೊಂದು ಮಾರ್ಟರ್: ಮೂರನೇ ತಿಂಗಳು

ನಳಿಗೆ ಕೊನೆಗೂ ಕುಸಿಯದೆ ನಿಂತಿತು. ಜೂನ್‌ನಿಂದ ಇದೊಂದಕ್ಕಾಗಿ ಒದ್ದಾಡುತ್ತಿದ್ದೆ.

ಪುಣೆಯ ಕೊಥರೂಡಿನ ನಮ್ಮ ಬಾಲ್ಕನಿಯಲ್ಲಿ 1:35 ಅಳತೆಯಲ್ಲಿ ನಾನು ಕಟ್ಟುತ್ತಿರುವುದು ಜರ್ಮನಿಯ ವಾಯುವಾಹಿತ ಪಡೆಯ ವೀಸಲ್ 2 ಎಂಬ ಪುಟ್ಟ ಕವಚ ವಾಹನದ ಮಾದರಿ, ಮಾರ್ಟರ್ (ಗುಂಡನ್ನು ಎತ್ತರಕ್ಕೆ ಚಿಮ್ಮಿಸುವ ಗಿಡ್ಡ ತೋಪು) ಹೊತ್ತದ್ದು. ಸಿಎಚ್-53 ಹೆಲಿಕಾಪ್ಟರಿನ ಹೊಟ್ಟೆಯೊಳಗೆ ಹಿಡಿಸುವ ಗಾತ್ರ. ಅಸಲಿ ವಾಹನದ ಅಗಲ ಎರಡು ಮೀಟರಿಗೂ ಕಡಿಮೆ, ನನ್ನ ಮೇಜಿನ ಮೇಲೆ ಸುಮಾರು ಒಂದು ಬೆಂಕಿಪೊಟ್ಟಣದ ಉದ್ದ. ಪೆಟ್ಟಿಗೆಯಲ್ಲಿ ಬಂದದ್ದು ಕ್ಷಿಪಣಿ ಹೊತ್ತ ವಿಮಾನ ನಿರೋಧಕ ಮಾದರಿ. ಅದರ ಹಿಂಭಾಗವನ್ನು ಕೊಯ್ದು ತೆಗೆದು, ಮಾರ್ಟರನ್ನು ನಾನೇ ಮಾಡಬೇಕಾಯಿತು.

120 ಮಿ.ಮೀ. ನಳಿಗೆಯನ್ನು 35ರಿಂದ ಭಾಗಿಸಿದರೆ 3.43 ಮಿ.ಮೀ. ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ಹೊರಗೆ 4, ಒಳಗೆ 3.4 ಮಿ.ಮೀ. ಇರುವ ಹಿತ್ತಾಳೆ ಕೊಳವೆ ಸಿಕ್ಕಿತು. ಅಂದು ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅದನ್ನು ಜೇಬಿನಿಂದ ತೆಗೆದು ತೆಗೆದು ನೋಡುತ್ತಿದ್ದೆ.

ಈ ವಾಹನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗುಂಡು ತುಂಬುವ ಬಗೆ. ಸಾಮಾನ್ಯವಾಗಿ ಮಾರ್ಟರಿಗೆ ಬಾಯಿಯಿಂದಲೇ ಗುಂಡು ಇಳಿಸಬೇಕು. ಇಲ್ಲಿ ನಳಿಗೆ ಅಡ್ಡಲಾಗಿ ಮಲಗುತ್ತದೆ, ಸಿಬ್ಬಂದಿ ಕವಚದ ಮರೆಯಲ್ಲೇ ಇದ್ದು ಗುಂಡು ತುಂಬುತ್ತಾರೆ, ನಳಿಗೆ ಮತ್ತೆ ಏಳುತ್ತದೆ. ಮಾದರಿಯಲ್ಲೂ ಅದು ಮಲಗಿ ಏಳಲೇಬೇಕೆಂದು ಹಟ ಹಿಡಿದೆ. ಮೊದಲ ಕೀಲಿಗೆ ಅಂಟು ಒಸರಿ ಎಲ್ಲವೂ ಕಲ್ಲಾಯಿತು. ಎರಡನೆಯದು ಸಡಿಲವಾಗಿ, ಏರಿಸಿದ ನಳಿಗೆ ಬೆರಳು ಬಿಟ್ಟೊಡನೆ ತಲೆ ತಗ್ಗಿಸುತ್ತಿತ್ತು. ಮೂರನೆಯದರಲ್ಲಿ 1 ಮಿ.ಮೀ. ಹಿತ್ತಾಳೆ ಸರಿಗೆಯ ಮೇಲೆ ವಿದ್ಯುತ್ ತಂತಿಯಿಂದ ಸುಲಿದ ಸಿಪ್ಪೆಯ ತುಣುಕನ್ನು ತೊಡಿಸಿದೆ. ಆ ಬಿಗಿತ ಸಾಕಾಯಿತು.

ಆಗ ಇನ್ನೊಂದು ತೊಡಕು ಎದ್ದಿತು. ಪ್ಲಾಸ್ಟಿಕ್ ಒಡಲು ಹಗುರ, ಹಿತ್ತಾಳೆ ಭಾರ. ಗಾಡಿ ಮೂತಿ ಎತ್ತಿ ಹಿಂದಕ್ಕೆ ಕುಳಿತುಬಿಟ್ಟಿತು. ಪಕ್ಕದ ಮನೆಯ ಕಾಕಾ ಬೆಳಗಾವಿಯವರು, ಜೀವಮಾನವೆಲ್ಲ ಲೇತ್ ಯಂತ್ರದ ಮುಂದೆ ನಿಂತವರು. ನೋಡಿದವರೇ, "ಬರೀ ತೂಕಕ್ಕೇ ಹೀಗಾದರೆ, ಗುಂಡು ಹಾರಿದಾಗ ಒದೆತ ಎಲ್ಲಿಗೆ ಹೋಗುತ್ತದಪ್ಪಾ?" ಎಂದರು.

ಸರಿಯಾದ ಪ್ರಶ್ನೆ. ಕಾಲಾಳುಗಳ ಮಾರ್ಟರಿಗೆ ಅಡಿಯಲ್ಲಿ ಉಕ್ಕಿನ ತಟ್ಟೆ ಇರುತ್ತದೆ, ಒದೆತವನ್ನು ನೆಲವೇ ನುಂಗುತ್ತದೆ. ಇಲ್ಲಿ ತಟ್ಟೆ ಇಲ್ಲ, ನಾಲ್ಕು ಟನ್ನು ದಾಟಿದ ಪುಟ್ಟ ಗಾಡಿ ಮಾತ್ರ. ಹೀಗಾಗಿ ನಳಿಗೆಯ ಹಿನ್ನೊದೆತವನ್ನು ತಗ್ಗಿಸುವ ಏರ್ಪಾಡಿದೆ; ಜೊತೆಗೆ ಹಿಂಭಾಗದಿಂದ ಎರಡು ಹೈಡ್ರಾಲಿಕ್ ಕಾಲುಗಳು ಇಳಿದು ನೆಲವನ್ನು ಒತ್ತಿ ಹಿಡಿಯುತ್ತವೆ. ಇಷ್ಟನ್ನು ಹೇಳಿದಾಗ ಕಾಕಾ ಕನ್ನಡಕ ಹಾಕಿಕೊಂಡು ಚಿತ್ರಗಳನ್ನು ಮತ್ತೊಮ್ಮೆ ಕೇಳಿದರು. ಮರುದಿನ ಸಂಜೆ ಎರಡು ಕಾಲುಗಳನ್ನೂ ತಾವೇ ಅರದಿಂದ ಉಜ್ಜಿ ತಂದುಕೊಟ್ಟರು. ಪಾದದ ಅಂಚು ಕೂಡ ಎಷ್ಟು ನುಣುಪು!

ಅಸಲಿ ವಾಹನದ ಎಂಜಿನ್ ಮುಂದೆಯೇ ಇದೆ. ಆ ಜಾಗದಲ್ಲಿ ಗಾಳದ ಸೀಸದ ಗುಂಡುಗಳನ್ನು ಅಂಟಿಸಿದೆ. ಈಗ ಕಾಲು ಮೇಲೆತ್ತಿದರೂ ಗಾಡಿ ಸಮನಾಗಿ ನಿಲ್ಲುತ್ತದೆ.

ಬಣ್ಣದ ಕೆಲಸ ನಿಂತಿದೆ. ಈ ಮಳೆಯ ತೇವಕ್ಕೆ ಮೇಲಿನ ವಾರ್ನಿಷ್ ಬಿಳಿಚಿಕೊಂಡು ಎರಡು ಸಲ ಉಜ್ಜಿ ತೆಗೆದಿದ್ದೇನೆ. ಗಣೇಶ ಚತುರ್ಥಿ ಕಳೆಯುವವರೆಗೆ ಡಬ್ಬಿ ತೆರೆಯುವುದಿಲ್ಲ. ಅಷ್ಟರಲ್ಲಿ ಸರಪಳಿಯ ಕೊಂಡಿಗಳನ್ನು ಜೋಡಿಸಬೇಕು. ನೆಲಕ್ಕೆಂದು ಹರಡಿದ ಪ್ಲಾಸ್ಟರ್ ಇನ್ನೂ ಹಸಿಯಾಗಿದೆ, ಕಾಕಾ ಉಜ್ಜಿದ ಎರಡು ಪಾದಗಳನ್ನು ಅದರಲ್ಲಿ ಒತ್ತಿ ಇಟ್ಟಿದ್ದೇನೆ.